ಸಾಕು ಎನ್ನಬೇಕಾದ ಹೊತ್ತು

ಮಗು ಬದುಕಿತು. ಜ್ವರ ಇಳಿಯಿತು, ಕುತ್ತಿಗೆಯ ಬಿಗಿತ ಹೋಯಿತು, ರೋಗಾಣು ಸತ್ತಿದೆ ಎಂದು ಲ್ಯಾಬಿನ ವರದಿಯೂ ಬಂತು. ಮನೆಗೆ ಬಂದ ಒಂದು ವಾರಕ್ಕೆ ತಾಯಿಗೆ ಅನುಮಾನ ಹುಟ್ಟುತ್ತದೆ: ಬೆನ್ನ ಹಿಂದೆ ನಿಂತು ಕರೆದರೆ ಮಗು ತಿರುಗುತ್ತಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ಬಂದುಹೋದ ಮನೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಕಿವುಡು, ಫಿಟ್ಸ್, ಕೈಕಾಲಿನ ದೌರ್ಬಲ್ಯ, ಕಲಿಕೆಯಲ್ಲಿ ಹಿಂದೆ ಬೀಳುವುದು ಹೀಗೆ ಕಾಯಿಲೆ ವಾಸಿಯಾದ ಮೇಲೂ ಉಳಿದುಕೊಳ್ಳುವ ತೊಂದರೆಗಳು ಹಲವು. ಆಗ ಮನೆಯವರು ಕೇಳುವ ಪ್ರಶ್ನೆ ತುಂಬ ಸರಳ: ರೋಗಾಣು ಸತ್ತಿತಲ್ಲ, ಮತ್ತೆ ಕಿವಿ ಕೆಡಿಸಿದ್ದು ಯಾರು?

ಕಳೆದ ನಾಲ್ಕು ದಶಕಗಳಲ್ಲಿ ವೈದ್ಯಶಾಸ್ತ್ರ ಕಂಡುಕೊಂಡ ಉತ್ತರ ಕೇಳಲು ಹಿತವಾಗಿಲ್ಲ. ಹಾನಿಯ ಒಂದು ಪಾಲು ರೋಗಾಣುವಿನದು. ಇನ್ನೊಂದು ಪಾಲು, ಅದೇನೂ ಸಣ್ಣದಲ್ಲ, ಮಗುವಿನ ದೇಹ ತನ್ನನ್ನು ತಾನು ಕಾಪಾಡಿಕೊಳ್ಳಲು ನಡೆಸಿದ ಹೋರಾಟದ್ದು. ಇಷ್ಟು ತಿಳಿದ ಮೇಲೆ ಪ್ರಶ್ನೆ ವೈದ್ಯರ ಕೈ ದಾಟಿ ನಮ್ಮೆಲ್ಲರ ಕೈಗೆ ಬರುತ್ತದೆ. ಶತ್ರು ನಿಜ, ರಕ್ಷಣೆ ನ್ಯಾಯ, ಆದರೂ ಕಾಪಾಡಬೇಕಾದದ್ದೇ ಕೆಟ್ಟುಹೋಯಿತು. ಇದನ್ನು ಏನೆಂದು ಕರೆಯಬೇಕು? ತಪ್ಪು ಎಂದೆ, ದುರದೃಷ್ಟ ಎಂದೆ, ಅಥವಾ ಮೊದಲೇ ಕಲಿಯಬಹುದಾಗಿದ್ದ ಒಂದು ವಿದ್ಯೆಯ ಕೊರತೆ ಎಂದೆ?

ಈ ಹೋರಾಟದ ಕುರುಹುಗಳು ಸಿಗುವುದು ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಶಿವಾಜಿನಗರ ಹಲಸೂರುಗಳ ಕಡೆ, ‘ಬೆನ್ನಿಂದ ನೀರು ತೆಗೀಬೇಕು’ ಎಂಬ ಮಾತು ಕಿವಿಗೆ ಬಿದ್ದರೆ ಕನ್ನಡ, ತಮಿಳು, ದಖನಿ ಉರ್ದು ಯಾವ ಮನೆಯವರಾದರೂ ಒಮ್ಮೆ ನಡುಗುತ್ತಾರೆ. ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ ನಮ್ಮ ದೇಶದ ತುಂಬ ಇದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗಕ್ಕೆ. ತೆಗೆಯುವುದು ಕೆಲವೇ ಮಿಲಿಲೀಟರು. ದೇಹ ಆ ನೀರನ್ನು ದಿನವೂ ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ಮೆನಿಂಜೈಟಿಸ್ ಗುರುತಿಸುವ ಮುಖ್ಯ ದಾರಿ. ಆರೋಗ್ಯವಂತ ಮಗುವಿನಲ್ಲಿ ಆ ದ್ರವ ತಿಳಿನೀರಿನಂತಿರುತ್ತದೆ. ಅದರಲ್ಲಿ ಬಿಳಿ ರಕ್ತಕಣಗಳು ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನು ಅಲ್ಪ, ಸಕ್ಕರೆ ರಕ್ತದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು. ಬ್ಯಾಕ್ಟೀರಿಯಾ ಹೊಕ್ಕರೆ ಅದೇ ನೀರು ಅಕ್ಕಿ ತೊಳೆದ ನೀರಿನಂತೆ ಕದಡುತ್ತದೆ.

ಈ ದ್ರವದಲ್ಲಿ ಕಾವಲುಗಾರರು ಯಾಕೆ ಇಷ್ಟು ಕಡಿಮೆ? ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ತಡೆಯೊಂದಿದೆ. ರಕ್ತದಲ್ಲಿ ಹರಿದಾಡುವ ಎಲ್ಲವನ್ನೂ ಅದು ಒಳಗೆ ಬಿಡುವುದಿಲ್ಲ. ಹಾಗಾಗಿ ಪ್ರತಿಕಾಯಗಳೂ ಬಿಳಿ ರಕ್ತಕಣಗಳೂ ಅಲ್ಲಿ ವಿರಳ. ಆದರೆ ಒಮ್ಮೆ ರೋಗಾಣು ಆ ತಡೆ ದಾಟಿತೆಂದರೆ ಅದನ್ನು ತಡೆಯುವವರೂ ಅಲ್ಲಿ ಕಡಿಮೆಯೇ. ಅದು ಬೇಗ ಬೇಗ ಹೆಚ್ಚುತ್ತದೆ. ಆಗ ಒಳಗಿರುವ ಕೆಲವೇ ಕೋಶಗಳು ಕೂಗು ಹಾಕುತ್ತವೆ. ಆ ಕೂಗೇ ಸೈಟೊಕೈನ್‌ಗಳು, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಹೊರಬಿಡುವ ಚಿಕ್ಕ ಪ್ರೋಟೀನುಗಳು.

ಅವುಗಳಲ್ಲಿ ಮೊದಲು ಏಳುವವು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1. ಇವು ಅಪಾಯದ ಗಂಟೆ. ಅವುಗಳ ಬೆನ್ನಿಗೇ ಇಂಟರ್‌ಲ್ಯೂಕಿನ್-6 ಏರುತ್ತದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲಿ ಇದರ ಪ್ರಮಾಣ ವೈರಸ್ಸಿನ ಮೆನಿಂಜೈಟಿಸ್‌ಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಎರಡನ್ನೂ ಬೇರ್ಪಡಿಸಲು ನೆರವಾದೀತೆಂದು ಸಂಶೋಧಕರು ಅಳೆದು ನೋಡುತ್ತಾರೆ. ಇಂಟರ್‌ಲ್ಯೂಕಿನ್-8 ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಒಳಕ್ಕೆ ಕರೆಯುತ್ತದೆ. ಕ್ಷಯದ ಮೆನಿಂಜೈಟಿಸ್ ಆದರೆ ಇಂಟರ್‌ಫೆರಾನ್ ಗಾಮಾ ಎದ್ದು ಕಾಣುತ್ತದೆ. ಕೊನೆಯದು ಇಂಟರ್‌ಲ್ಯೂಕಿನ್-10. ಅದರ ಕೆಲಸ ಉಳಿದವುಗಳಿಗೆ ತದ್ವಿರುದ್ಧ. ಅದು ‘ಸಾಕು’ ಎನ್ನುತ್ತದೆ. ಟಿಎನ್‌ಎಫ್ ಹೊರಬಿಡುವ ಬಗೆಯ ಕೋಶಗಳೇ ಸ್ವಲ್ಪ ತಡವಾಗಿ ಇದನ್ನೂ ಹೊರಬಿಡುತ್ತವೆ. ಯುದ್ಧಕ್ಕೆ ಕರೆಕೊಟ್ಟವರ ಬಾಯಲ್ಲೇ ಹಿಂತಿರುಗುವ ಆಜ್ಞೆಯೂ ಇದೆ ಎಂಬುದು ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ.

ಕರೆದವರೆಲ್ಲ ಬರುತ್ತಾರೆ. ತಡೆ ಸಡಿಲವಾಗುತ್ತದೆ, ರಕ್ತನಾಳಗಳಿಂದ ನೀರೂ ಪ್ರೋಟೀನೂ ಒಳಗೆ ಸೋರುತ್ತವೆ, ಬಿಳಿಕಣಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ತುಂಬಿಕೊಳ್ಳುತ್ತವೆ. ಸಂಜೆಯ ಹೊತ್ತು ಕೆ.ಆರ್.ಪುರಂನ ಟಿನ್ ಫ್ಯಾಕ್ಟರಿ ಬಳಿ ಸಿಕ್ಕಿಕೊಂಡವರಿಗೆ ಇದರ ಪರಿಚಯವಿರುತ್ತದೆ. ಹಳೆ ಮದ್ರಾಸ್ ರಸ್ತೆ, ಹೊರವರ್ತುಲ ರಸ್ತೆ, ತೂಗುಸೇತುವೆ ಎಲ್ಲ ಕಡೆಯಿಂದ ಬಂದವರೂ ನ್ಯಾಯವಾಗಿಯೇ ಬಂದಿರುತ್ತಾರೆ. ಅಲ್ಲಿಗೆ ಆಂಬ್ಯುಲೆನ್ಸ್, ಪೊಲೀಸ್ ಜೀಪು, ಕ್ರೇನು ಎಲ್ಲವೂ ಒಟ್ಟಿಗೆ ಬಂದರೆ ನೆರವಿಗೆ ಬಂದವರೇ ದಾರಿ ಕಟ್ಟುತ್ತಾರೆ. ಕನ್ನಡದ ಉರಿಯೂತ ಎಂಬ ಪದದಲ್ಲಿ ಉರಿಯೂ ಇದೆ, ಊತವೂ ಇದೆ. ಊತಕ್ಕೆ ಜಾಗ ಬೇಕು. ಬೆರಳಿಗೆ ಮುಳ್ಳು ಚುಚ್ಚಿದಾಗ ಇದೇ ಪ್ರೋಟೀನುಗಳು ಇದೇ ಕೆಲಸ ಮಾಡುತ್ತವೆ. ಬೆರಳು ಎರಡು ದಿನ ಊದಿ, ಕೀವಾಗಿ, ಒಡೆದು, ಮಾಯುತ್ತದೆ. ಬೆರಳಿಗೆ ಊದಲು ಜಾಗವಿದೆ. ತಲೆಬುರುಡೆಗೆ ಇಲ್ಲ. ಒಳಗಿನ ಒತ್ತಡ ಏರುತ್ತದೆ, ರಕ್ತದ ಓಟ ತಗ್ಗುತ್ತದೆ, ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ.

ಇಂಥ ಸಂದರ್ಭಕ್ಕೆ ನಮ್ಮಲ್ಲಿ ಒಂದು ಗಾದೆ ಸಿದ್ಧವಾಗಿದೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಾಯಬೇಕಾದವನೇ ಕೊಳ್ಳೆ ಹೊಡೆದಾಗ ಹೇಳುವ ಮಾತು ಅದು. ಭ್ರಷ್ಟ ಅಧಿಕಾರಿಗೆ, ಕಳ್ಳ ಕಾವಲುಗಾರನಿಗೆ ಅದು ಸರಿಯಾಗಿ ಹೊಂದುತ್ತದೆ. ಈ ಮಗುವಿನ ವಿಷಯಕ್ಕೆ ಹೊಂದುವುದಿಲ್ಲ. ಇಲ್ಲಿ ಬೇಲಿ ದ್ರೋಹ ಮಾಡಲಿಲ್ಲ, ತಿನ್ನುವ ಆಸೆಯೂ ಅದಕ್ಕಿರಲಿಲ್ಲ. ಅದು ಬೇಲಿಯಾಗಿಯೇ ಬೆಳೆಯಿತು, ಹೊಲ ಚಿಕ್ಕದಾಗಿತ್ತು. ದುರುದ್ದೇಶವಿಲ್ಲದ, ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ ರಕ್ಷಣೆಯಿಂದ ಆಗುವ ಹಾನಿಗೆ ನಮ್ಮ ನೀತಿಯ ಮಾತುಗಳಲ್ಲಿ ಹೆಸರು ಕಡಿಮೆ. ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳಿ ತೀರ್ಪು ಕೊಡುತ್ತೇವೆ: ಶತ್ರು ನಿಜವೆ? ಉದ್ದೇಶ ಒಳ್ಳೆಯದೆ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಬಿಟ್ಟುಬಿಡುತ್ತೇವೆ. ಮೂರನೆಯದೊಂದನ್ನು ಕೇಳುವುದೇ ಇಲ್ಲ: ಇದು ನಡೆಯುತ್ತಿರುವುದು ಎಷ್ಟು ದೊಡ್ಡ ಕೋಣೆಯಲ್ಲಿ?

ಈ ಮೂರನೆಯ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ದಂಡು ಪ್ರದೇಶವೇ ಒಮ್ಮೆ ಅನುಭವಿಸಿದೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರು ನೆಲೆಯೂರಿದಾಗ ಹುಟ್ಟಿದ ಈ ಊರು ಪೇಟೆಯಿಂದ ಬೇರೆಯಾಗಿಯೇ ಬೆಳೆಯಿತು. 1898ರಲ್ಲಿ ರೈಲಿನ ಜತೆ ಪ್ಲೇಗು ಬಂತು. ಪೇಟೆಗೂ ದಂಡಿಗೂ ಭೇದ ಮಾಡಲಿಲ್ಲ. ಈಗ ಶಿವಾಜಿನಗರ ಎನ್ನಿಸಿಕೊಳ್ಳುವ, ಆಗ ಬ್ಲ್ಯಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಕಿಕ್ಕಿರಿದ ಕೇರಿಗಳಲ್ಲಿ ಜನ ಒಂದೊಂದು ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದರು. ಆಡಳಿತ ಎದ್ದು ನಿಂತಿತು. ರೈಲಿನಲ್ಲಿ ತಪಾಸಣೆ, ರೋಗಿಗಳನ್ನು ಮನೆಯಿಂದ ಎತ್ತಿ ಶಿಬಿರಕ್ಕೆ ಸಾಗಿಸುವುದು, ಮನೆ ಖಾಲಿ ಮಾಡಿಸುವುದು, ಔಷಧಿ ಸಿಂಪಡಿಸುವುದು, ಗಾಳಿ ಬೆಳಕು ಬರಲೆಂದು ಮಾಡು ಬಿಚ್ಚಿಸುವುದು. ರೋಗ ಸುಳ್ಳಲ್ಲ, ಭಯವೂ ಸುಳ್ಳಲ್ಲ. ಆದರೆ ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅದೇ ವರ್ಷ ದಂಗೆಯಾಯಿತು. ಅದರ ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಕೊಂದಿದ್ದರು. ರಕ್ಷಣೆ ತಾನು ಕಾಪಾಡಬೇಕಾದವರನ್ನೇ ತನ್ನಿಂದ ದೂರ ಓಡಿಸಿತು. ಬಚ್ಚಿಟ್ಟ ರೋಗಿ ಮನೆಯವರಿಗೂ ನೆರೆಯವರಿಗೂ ಇನ್ನಷ್ಟು ಅಪಾಯವಾದ.

ಆ ಕಾಲದ ಅಸ್ತ್ರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ನಾಲ್ಕೇ ಸೆಕ್ಷನ್ನಿನ ಪುಟ್ಟ ಕಾಯಿದೆ ಅದು. ರೋಗ ಹರಡದಂತೆ ತಡೆಯಲು ಏನು ಬೇಕೆನಿಸುತ್ತದೋ ಆ ನಿಯಮ ಮಾಡುವ ಅಧಿಕಾರ ಅದರಲ್ಲಿದೆ, ಉಲ್ಲಂಘಿಸಿದವರಿಗೆ ಶಿಕ್ಷೆಯಿದೆ, ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯಿದೆ. ನಿಯಮಗಳು ತಾತ್ಕಾಲಿಕ ಎಂಬ ಪದವೇನೋ ಇದೆ, ತಾತ್ಕಾಲಿಕವೆಂದರೆ ಎಷ್ಟು ದಿನ ಎಂಬ ಮಾತಿಲ್ಲ. ಕರೆಯುವ ವಿದ್ಯೆ ಪೂರ್ತಿಯಾಗಿ ಬರೆದಿದೆ, ನಿಲ್ಲಿಸುವ ವಿದ್ಯೆ ಬರೆದಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಇದೇ ಕಾಯಿದೆಯ ಅಡಿಯಲ್ಲಿ. ರಾಜ್ಯ ತನ್ನದೇ ಕಾಯಿದೆ ತಂದದ್ದು ಅದಾದ ಮೇಲೆ.

ಹಾಗಾದರೆ ಕಾವಲುಗಾರನನ್ನು ಸುಮ್ಮನಿರಿಸುವುದೇ ಒಳ್ಳೆಯದೆ? ಇಲ್ಲಿ ಎಚ್ಚರ ಬೇಕು, ಏಕೆಂದರೆ ಸಿಟ್ಟನ್ನೆಲ್ಲ ಕೆಟ್ಟದ್ದೆಂದು ಹೇಳಿ ಮುಗಿಸಿಬಿಡುವ ಅಭ್ಯಾಸ ನೀತಿ ಬರೆಯುವವರಿಗೆ ಇದೆ. ದಕ್ಷಿಣ ಆಫ್ರಿಕಾದಲ್ಲಿ ಕ್ಷಯದ ಮೆನಿಂಜೈಟಿಸ್ ಇದ್ದ ಮಕ್ಕಳಿಗೆ ಟಿಎನ್‌ಎಫ್ ತಗ್ಗಿಸುವ ಥಾಲಿಡೊಮೈಡ್ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಸಾವುಗಳು ಆ ಔಷಧಿ ಪಡೆದ ಗುಂಪಿನಲ್ಲೇ ಕಂಡದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2004ರಲ್ಲಿ ಅದರ ವರದಿ ಪ್ರಕಟವಾಯಿತು. ಕೀಲುನೋವಿಗೆ ಟಿಎನ್‌ಎಫ್ ತಡೆಯುವ ಔಷಧಿ ತೆಗೆದುಕೊಳ್ಳುವವರಲ್ಲಿ ಮಲಗಿದ್ದ ಕ್ಷಯ ಎದ್ದು ಕೂರುವುದೂ ವೈದ್ಯರಿಗೆ ಗೊತ್ತಿರುವ ಮಾತು. ಯಾವ ಪ್ರೋಟೀನು ಒಂದು ಮಗುವಿನ ಕಿವಿ ಕಿತ್ತುಕೊಂಡಿತೋ ಅದೇ ಇನ್ನೊಬ್ಬರ ಎದೆಯಲ್ಲಿ ಕ್ಷಯವನ್ನು ವರ್ಷಗಟ್ಟಲೆ ಕಟ್ಟಿಹಾಕಿಟ್ಟಿರುತ್ತದೆ. ಅನ್ಯಾಯದ ಮುಂದೆ ಕೂಗದವನು ಶಾಂತನೆನಿಸಿಕೊಳ್ಳಬಹುದು, ಆದರೆ ಆ ಶಾಂತಿಯ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ.

ಹಾಗಾಗಿ ಪ್ರಶ್ನೆ ಕೂಗಬೇಕೆ ಬೇಡವೆ ಎಂಬುದಲ್ಲ. ಸಾಕು ಎನ್ನುವುದು ಯಾವಾಗ ಎಂಬುದು. ಇದಕ್ಕೆ ಮಕ್ಕಳ ವಾರ್ಡು ಕೊಟ್ಟ ಉತ್ತರ ನನಗೆ ಅನಿರೀಕ್ಷಿತವಾಗಿತ್ತು. ಔಷಧಿ ಕೊಟ್ಟಾಗ ಏನಾಗುತ್ತದೆಂದು ನೋಡಿ. ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಗೋಡೆ ಒಡೆದು ಅದನ್ನು ಕೊಲ್ಲುತ್ತದೆ. ಸತ್ತ ಬ್ಯಾಕ್ಟೀರಿಯಾದ ಚೂರುಗಳು ಒಮ್ಮೆಲೇ ದ್ರವದಲ್ಲಿ ಚೆಲ್ಲುತ್ತವೆ. ಹಿಮೊಫಿಲಸ್ ಇನ್‌ಫ್ಲುಯೆಂಜೆ ಬಿ, ಚಿಕ್ಕದಾಗಿ ಹಿಬ್, ಎಂಬ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ ಬಂದ ಮಕ್ಕಳ ಬೆನ್ನಿನ ದ್ರವದಲ್ಲಿ ಔಷಧಿ ಕೊಟ್ಟ ಮೇಲೆ ಇಂಥ ವಿಷದ ಚೂರುಗಳು ಏರಿದ್ದನ್ನು 1989ರಲ್ಲಿ ದಾಖಲಿಸಿದರು. ಕೋಶಗಳಿಗೆ ಆ ಚೂರು ಸತ್ತ ಶತ್ರುವಿನದೋ ಬದುಕಿರುವ ಶತ್ರುವಿನದೋ ತಿಳಿಯುವುದಿಲ್ಲ. ಅವು ಮತ್ತೂ ಜೋರಾಗಿ ಕೂಗುತ್ತವೆ. ಗೆಲ್ಲುವ ಗಳಿಗೆಯೇ ಎಲ್ಲಕ್ಕಿಂತ ಅಪಾಯದ ಗಳಿಗೆ.

1988ರಲ್ಲಿ ಅಮೆರಿಕದ ಡಲ್ಲಾಸ್‌ನ ವೈದ್ಯರು 200 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ಮಕ್ಕಳಲ್ಲಿ ಎರಡೂ ಕಿವಿಯ ಮಧ್ಯಮ ಅಥವಾ ಅದಕ್ಕೂ ತೀವ್ರವಾದ ಶ್ರವಣದೋಷ ಶೇ. 3.3ರಷ್ಟು, ಪಡೆಯದ ಮಕ್ಕಳಲ್ಲಿ ಶೇ. 15.5ರಷ್ಟು ಇತ್ತು. 1991ರಲ್ಲಿ ಕೋಸ್ಟರಿಕಾದ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸ್ಟೀರಾಯ್ಡನ್ನು ಆಂಟಿಬಯೋಟಿಕ್‌ಗಿಂತ ಕೆಲವು ನಿಮಿಷ ಮೊದಲೇ ಕೊಟ್ಟರು. ಅಲ್ಲೂ ಫಲ ಕಂಡಿತು. ಇಂದು ವೈದ್ಯರು ಕಲಿಯುವ ಪಾಠ ಹೀಗಿದೆ: ಸ್ಟೀರಾಯ್ಡ್ ಕೊಡುವುದಾದರೆ ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಸ್ವಲ್ಪ ಮುಂಚೆ ಅಥವಾ ಅದರ ಜತೆಯಲ್ಲಿ. ಉರಿ ಹತ್ತಿ ಬಹಳ ಹೊತ್ತಾದ ಮೇಲೆ ಕೊಟ್ಟರೆ ಆ ಲಾಭ ಸಿಗುವುದಿಲ್ಲ. ಅಂದರೆ ಸಾಕು ಎಂಬ ಮಾತು ಯುದ್ಧ ಮುಗಿದ ಮೇಲೆ ಬರುವ ಪಶ್ಚಾತ್ತಾಪವಾದರೆ ನಿರುಪಯೋಗಿ. ಅದು ಮೊದಲ ಏಟಿನ ಜತೆಗೇ ಹೊರಡಬೇಕು.

ಅದೂ ಎಲ್ಲೆಡೆ ನಡೆಯುವ ಮಂತ್ರವಲ್ಲ. ಆಫ್ರಿಕಾದ ಮಲಾವಿಯಲ್ಲಿ ಸುಮಾರು 600 ಮಕ್ಕಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಸ್ಟೀರಾಯ್ಡಿನಿಂದ ಯಾವ ಲಾಭವೂ ಕಾಣಲಿಲ್ಲ. ತಡವಾಗಿ ಬಂದ ಮಕ್ಕಳು, ಅಪೌಷ್ಟಿಕತೆ, ಎಚ್‌ಐವಿ ಸೋಂಕು ಅಲ್ಲಿ ಹೆಚ್ಚಿದ್ದವು. 2020ರಲ್ಲಿ ಕೋವಿಡ್‌ನಲ್ಲೂ ಹೀಗೆಯೇ ಆಯಿತು: ಆಮ್ಲಜನಕ ಬೇಕಾದಷ್ಟು ನಲುಗಿದವರಿಗೆ ಡೆಕ್ಸಾಮೆಥಾಸೋನ್ ಜೀವ ಉಳಿಸಿತು, ಆಮ್ಲಜನಕ ಬೇಡದವರಿಗೆ ಅದರಿಂದ ಉಪಕಾರವಾಗಲಿಲ್ಲ. ಒಳ್ಳೆಯ ಗುಣವೊಂದನ್ನು ಹೊತ್ತು ನೋಡದೆ, ಆಳು ನೋಡದೆ ಬಳಸಿದರೆ ಅದು ಗುಣವಾಗಿ ಉಳಿಯುವುದಿಲ್ಲ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು.

ಮಹಾಭಾರತದ ಕೊನೆಯಲ್ಲಿ ಅಶ್ವತ್ಥಾಮ ಮತ್ತು ಅರ್ಜುನ ಇಬ್ಬರೂ ಬ್ರಹ್ಮಾಸ್ತ್ರ ಬಿಡುವ ಪ್ರಸಂಗ ನೆನಪಿಸಿಕೊಳ್ಳಿ. ವ್ಯಾಸ ನಾರದರು ನಡುವೆ ನಿಂತು ಇಬ್ಬರಿಗೂ ಹಿಂತೆಗೆದುಕೊಳ್ಳಿ ಎನ್ನುತ್ತಾರೆ. ಅರ್ಜುನ ಹಿಂತೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಂದ ಆಗುವುದಿಲ್ಲ, ಅವನಿಗೆ ಪ್ರಯೋಗ ಬರುತ್ತದೆ, ಉಪಸಂಹಾರ ಕೈಹಿಡಿಯುವುದಿಲ್ಲ. ಆ ಅಸ್ತ್ರ ಕೊನೆಗೆ ಹೋಗಿ ಬೀಳುವುದು ಉತ್ತರೆಯ ಗರ್ಭದಲ್ಲಿದ್ದ ಮಗುವಿನ ಮೇಲೆ. ಯುದ್ಧದ ಪರಿವೆಯೇ ಇಲ್ಲದ ಮಗು, ಎಲ್ಲಿಗೂ ಓಡಲಾಗದ ಮುಚ್ಚಿದ ಕೋಣೆ. ಅಪ್ಪನನ್ನು ಮೋಸದಿಂದ ಕೊಂದರೆಂಬ ಅಶ್ವತ್ಥಾಮನ ಸಿಟ್ಟಿಗೆ ಕಾರಣವಿತ್ತು. ಕಥೆ ಅವನನ್ನು ಅಳೆಯುವಾಗ ಆ ಕಾರಣವೊಂದನ್ನೇ ನೋಡುವುದಿಲ್ಲ. ಹಿಂತೆಗೆದುಕೊಳ್ಳಲು ಬಾರದ್ದನ್ನು ಬಿಟ್ಟದ್ದನ್ನೂ, ಅದನ್ನು ಎಲ್ಲಿಗೆ ತಿರುಗಿಸಿದನೆಂಬುದನ್ನೂ ನೋಡುತ್ತದೆ. ನಮ್ಮ ಹಿರಿಯರು ಪ್ರಯೋಗ, ಉಪಸಂಹಾರ ಎರಡನ್ನೂ ಒಂದೇ ವಿದ್ಯೆಯ ಎರಡು ಭಾಗವೆಂದು ಬಗೆದದ್ದು ಸುಮ್ಮನೆ ಅಲ್ಲ. ಒಂದನ್ನಷ್ಟೇ ಕಲಿತವನು ಅರ್ಧ ಕಲಿತವನಲ್ಲ, ಅಪಾಯಕಾರಿ.

ಹಾಗೆಂದು ಮಗುವಿನ ದೇಹವನ್ನು ಅಶ್ವತ್ಥಾಮನೆಂದು ಕರೆಯಲಾದೀತೆ? ಆಗದು. ಕೋಶಕ್ಕೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದ ಕಡೆ ಅಪರಾಧವೂ ಇಲ್ಲ. ಅಪರಾಧ ಶುರುವಾಗುವುದು ತಿಳಿವಳಿಕೆ ಇರುವವರಿಂದ, ಅಂದರೆ ನಮ್ಮಿಂದ. ಪ್ಲೇಗಿನ ಕಾಯಿದೆ ಬರೆದವರು ನಿಲ್ಲುವ ಗಡಿಯನ್ನು ಅದರಲ್ಲೇ ಬರೆಯಬಹುದಿತ್ತು. ಮಗನನ್ನು ತಿದ್ದಲು ಕೈಯೆತ್ತುವ ಅಪ್ಪ, ತರಗತಿಯ ಮುಂದೆ ಒಬ್ಬ ಹುಡುಗನನ್ನು ನಿಲ್ಲಿಸುವ ಮೇಷ್ಟ್ರು, ನ್ಯಾಯದ ಹೆಸರಿನಲ್ಲಿ ಒಬ್ಬನ ಮೇಲೆ ಮುಗಿಬೀಳುವ ಸಾವಿರ ಜನ, ಎಲ್ಲರೂ ಶತ್ರು ನಿಜ ಎಂಬುದನ್ನಷ್ಟೇ ಹೇಳಿ ಪಾರಾಗಲಾರರು. ಮನೆ ಚಿಕ್ಕದು, ತರಗತಿ ಚಿಕ್ಕದು, ಒಬ್ಬ ಮನುಷ್ಯನ ಎದೆ ಅದಕ್ಕಿಂತ ಚಿಕ್ಕದು.

ಇದಕ್ಕೂ ಮೇಲಾದ ದಾರಿಯೊಂದಿದೆ. ಹೋರಾಟವನ್ನು ಮುಚ್ಚಿದ ಕೋಣೆಗೆ ಬರಗೊಡದೆ ಬಯಲಿನಲ್ಲೇ ಮುಗಿಸುವುದು. ಲಸಿಕೆ ಮಾಡುವುದು ಇದನ್ನೇ. ಹಿಬ್ ರೋಗಾಣುವಿನ ವಿರುದ್ಧದ ಲಸಿಕೆಯನ್ನು ಒಳಗೊಂಡ ಪೆಂಟಾವೇಲೆಂಟ್ 2011ರ ಕೊನೆಗೆ ಕೇರಳ, ತಮಿಳುನಾಡುಗಳಲ್ಲಿ ಸರ್ಕಾರದ ಕಾರ್ಯಕ್ರಮಕ್ಕೆ ಸೇರಿ, ಆಮೇಲೆ ಕರ್ನಾಟಕಕ್ಕೂ ಬಂತು. ಈಗ ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮಗುವಿನ ತೊಡೆಗೆ ಚುಚ್ಚುವ ಆ ಸೂಜಿ ರಕ್ತದಲ್ಲಿ ಪ್ರತಿಕಾಯಗಳನ್ನು ಮೊದಲೇ ಸಿದ್ಧಮಾಡುತ್ತದೆ. ರೋಗಾಣು ಮಿದುಳಿನ ಬಾಗಿಲಿಗೆ ಬರುವ ಮೊದಲೇ ರಕ್ತದಲ್ಲಿ ಸಿಕ್ಕಿಬೀಳುತ್ತದೆ, ಕೂಗಾಟವೇ ಬೇಕಾಗುವುದಿಲ್ಲ. ಹುಟ್ಟಿದ ಕೂಡಲೇ ಕೊಡುವ ಬಿಸಿಜಿ ಮಕ್ಕಳನ್ನು ಕ್ಷಯದ ಮೆನಿಂಜೈಟಿಸ್‌ನಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಕಲಹ ಕೋಣೆ ಸೇರಿದ ಮೇಲೆ ಎಷ್ಟೇ ವಿವೇಕಿಯಾದರೂ ಸ್ವಲ್ಪವಾದರೂ ಹಾನಿಯಾಗುತ್ತದೆ. ಅದಕ್ಕೆ ಮುಂಚಿನ ದಿನಗಳಲ್ಲಿ ಮಾಡಿದ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬಾರದ ಕಾಯಿಲೆಗೆ ಕಥೆಯಿಲ್ಲವಾದ್ದರಿಂದ.

ಕಿವಿ ಕೆಡಿಸಿದ್ದು ಯಾರು ಎಂದು ಕೇಳುವ ತಾಯಿ ಆ ಪ್ರಶ್ನೆಯನ್ನು ಬಹುಪಾಲು ತನ್ನ ಮೇಲೇ ತಿರುಗಿಸಿಕೊಂಡಿರುತ್ತಾಳೆ: ಒಂದು ದಿನ ಮೊದಲೇ ಬರಬೇಕಿತ್ತೆ, ನೀರು ತೆಗೆಸಲು ಒಪ್ಪಿದ್ದು ತಪ್ಪಾಯಿತೆ? ಅವಳಿಗೆ ಆರೋಪಿಯ ಹೆಸರು ಬೇಕಾಗಿಲ್ಲ, ಮುಂದೇನು ಮಾಡಬೇಕೆಂಬುದು ಬೇಕಾಗಿದೆ. ಅದನ್ನು ಹೇಳಲು ತಡಮಾಡುವಂತಿಲ್ಲ. ಮೆನಿಂಜೈಟಿಸ್ ಆದ ಕೆಲವು ಮಕ್ಕಳ ಒಳಗಿವಿಯಲ್ಲಿ ವಾರಗಳಲ್ಲೇ ಎಲುಬು ಬೆಳೆಯತೊಡಗುತ್ತದೆ. ಉರಿ ಆರಿದ ಜಾಗವನ್ನು ತುಂಬಲು ದೇಹ ಮಾಡುವ ದುರಸ್ತಿ ಅದು. ಆ ಎಲುಬು ತುಂಬಿಕೊಂಡರೆ ಕಾಕ್ಲಿಯರ್ ಇಂಪ್ಲಾಂಟಿನ ತಂತಿ ಒಳಗೆ ಹೋಗುವುದು ಕಷ್ಟ. ಹಾಗಾಗಿ ಶ್ರವಣ ಪರೀಕ್ಷೆ ಆಸ್ಪತ್ರೆ ಬಿಡುವ ಮೊದಲೇ, ಇಲ್ಲವಾದರೆ ಒಂದು ತಿಂಗಳೊಳಗೆ ಆಗಬೇಕು. ನಗರದ ಈ ಭಾಗದವರಿಗೆ ಹೆಣ್ಣೂರು ರಸ್ತೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರವಿದೆ; ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಗಳ ಕೆಳಗೆ ಬರೆಯಬೇಕಾದ ಒಂದು ಸಾಲು ಅದು: ಕಿವಿ ಪರೀಕ್ಷೆ, ಇದೇ ವಾರ.